ಬೇರಿಂಗ್ ಮೀಮಾಂಸೆ ಅಥವಾ ಚಕ್ರನಾಭಿ ಜೀರ್ಣೋದ್ಧಾರ ಪ್ರಕರಣ

ವಿಷಯ

ಮೋಟಾರು ಶಾಸ್ತ್ರದಲ್ಲಿ ಎಂಜಿನ್ನಿನ ಮೇಲೆ ಗ್ರಂಥರಾಶಿಯೇ ಇದೆ. ಟಯರಿನ ಮೇಲೆ ಭಾಷ್ಯಗಳಿಗೆ ಬರವಿಲ್ಲ. ಸೈಲೆನ್ಸರಿನ ವಿಷಯವನ್ನಂತೂ ಇಡೀ ಬೀದಿಗೆ ಕೇಳಿಸುವಂತೆ ಪ್ರತಿಪಾದಿಸುವವರಿದ್ದಾರೆ. ಆದರೆ ಚಕ್ರನಾಭಿ, ಅಂದರೆ ಹಬ್ಬು, ಮತ್ತು ಅದರ ಗರ್ಭಗುಡಿಯಲ್ಲಿ ಗ್ರೀಸಿನ ನಿತ್ಯಾಭಿಷೇಕ ಮಾಡಿಸಿಕೊಳ್ಳುತ್ತಾ ಕೂತಿರುವ ಬೇರಿಂಗು, ಇವೆರಡರ ಬಗ್ಗೆ ವಿದ್ವಾಂಸರು ತುಟಿ ಬಿಚ್ಚಿಲ್ಲ. ಆ ಕಳಂಕ ತೊಳೆಯಲು ಈ ಪ್ರಕರಣ.

ಮೊದಲು ಪೂರ್ವಸೂರಿಗಳಿಗೆ ನಮಸ್ಕಾರ. ಕ್ರಿ.ಶ. 1ನೇ ಶತಮಾನದಲ್ಲಿ ರೋಮಿನ ಚಕ್ರವರ್ತಿ ಕಲಿಗುಲ ನೇಮಿ ಸರೋವರದಲ್ಲಿ ತೇಲಿಬಿಟ್ಟ ಹಡಗಿನಲ್ಲಿ, ತಿರುಗುವ ವೇದಿಕೆಯ ಅಡಿ ಗುಂಡುಗಳಿದ್ದವು. 1794ರಲ್ಲಿ ವೇಲ್ಸಿನ ಫಿಲಿಪ್ ವಾನ್ ಕುದುರೆಗಾಡಿಯ ಅಚ್ಚಿಗೆ ಗುಂಡುಗಳನ್ನು ಕೂರಿಸಿ ಪೇಟೆಂಟ್ ಪಡೆದ. 1883ರಲ್ಲಿ ಜರ್ಮನಿಯ ಶ್ವೈನ್‌ಫರ್ಟಿನಲ್ಲಿ ಫ್ರೀಡ್ರಿಕ್ ಫಿಶರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರ ಮಾಡಿದ. 1907ರಲ್ಲಿ ಸ್ವೀಡನ್ನಿನ ಜವಳಿ ಗಿರಣಿಯ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್, ಗಿರಣಿಯ ದಂಡಗಳು ಸೊಟ್ಟಗಾದರೂ ಹೊಂದಿಕೊಂಡು ತಿರುಗುವ ಬೇರಿಂಗ್ ಕಂಡುಹಿಡಿದು ಎಸ್‌ಕೆಎಫ್ ಸ್ಥಾಪನೆಗೆ ಕಾರಣನಾದ. ಇವರಲ್ಲಿ ಒಬ್ಬರಾದರೂ ತಮ್ಮ ಕಾರಿನ ಹಬ್ ಅಪ್‌ಗ್ರೇಡ್ ಮಾಡಿಸಿದ್ದಕ್ಕೆ ದಾಖಲೆಯಿಲ್ಲ. ಕಲಿಗುಲನ ಬಳಿ ಕಾರೇ ಇರಲಿಲ್ಲವಲ್ಲ ಎಂಬ ಸಮಜಾಯಿಷಿಯನ್ನು ನಾವು ಒಪ್ಪುವುದಿಲ್ಲ. ಮನಸ್ಸಿದ್ದರೆ ಅವನಿಗೆ ಸಾಧ್ಯವಾಗದ್ದು ಏನಿತ್ತು?

ಪ್ರಕೃತ ಪ್ರಕರಣಕ್ಕೆ ದೃಷ್ಟಾಂತವಾಗಿ, 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಅವತರಿಸಿದ ಮಜ್ದಾ ಮಿಯಾಟಾ ಕಾರನ್ನು ಆಯ್ದುಕೊಂಡಿದ್ದೇವೆ. ಎರಡು ಸೀಟು, ಒಂದು ಟನ್ನಿಗೂ ಕಡಿಮೆ ತೂಕ. ಕುದುರೆಯೂ ಸವಾರನೂ ಒಂದೇ ಆಗಬೇಕೆಂಬ 'ಜಿನ್ಬಾ ಇತ್ತಾಯ್' ಅದರ ತತ್ತ್ವ. ಹೀಗೆ ಕಾರು ಅದ್ವೈತಿಯಾದರೂ ಅದರ ಬೇರಿಂಗು ಶುದ್ಧ ದ್ವೈತಿ. ಒಂದು ಬಳೆ ಸದಾ ತಿರುಗುತ್ತದೆ, ಇನ್ನೊಂದು ಎಂದೂ ತಿರುಗುವುದಿಲ್ಲ. ಇಬ್ಬರ ಜಗಳ ಬಿಡಿಸುವ ಕೆಲಸ ನಡುವಿನ ಎರಡು ಸಾಲು ಗುಂಡುಗಳದ್ದು.

ಸಂಶಯ

ಹಬ್ಬು ಬದಲಿಸಬೇಕೋ ಬೇಡವೋ? ಇದಕ್ಕೆ ಪ್ರಮಾಣಗಳು ಮೂರು.

ಒಂದು, ಶಬ್ದಪ್ರಮಾಣ. ವೇಗ ಹೆಚ್ಚಿದಂತೆ ಚಕ್ರದಿಂದ ಗುಂಯ್ ಎನ್ನುವ ನಾದ ಏರುತ್ತದೆ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದಾಗ ಭಾರ ಬಲಕ್ಕೆ ವಾಲುತ್ತದೆ. ಆಗ ನಾದ ಜೋರಾದರೆ ಅಪರಾಧಿ ಬಲಗಡೆಯವನು. ಎರಡು, ಪ್ರತ್ಯಕ್ಷ. ಕಾರನ್ನು ಜಾಕಿನ ಮೇಲೆತ್ತಿ, ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲ್ಲಾಡಿಸಿದಾಗ ಕಟಕಟ ಎಂದರೆ 'ಪ್ಲೇ ಬಂದಿದೆ' ಎಂದು ಮೆಕ್ಯಾನಿಕ್ ತೀರ್ಪು ಕೊಡುತ್ತಾನೆ. ಮೂರು, ಅನುಮಾನ. ರೇಸ್ ಟ್ರ್ಯಾಕಿನ ತಿರುವಿನಲ್ಲಿ ಹಬ್ಬು ಕೂದಲೆಳೆಯಷ್ಟು ಬಾಗಿದರೂ ಬ್ರೇಕ್ ಡಿಸ್ಕು ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಮುಂದಿನ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲು ಪಾತಾಳ ಸೇರುತ್ತದೆ. ಆ ಕ್ಷಣದಲ್ಲಿ ಕಾರ್ಯಕಾರಣ ವಿಚಾರ ಮಾಡುವಷ್ಟು ಸಾವಧಾನ ಚಾಲಕನಿಗಿರುವುದಿಲ್ಲ.

ಪೂರ್ವಪಕ್ಷ

ಲೌಕಿಕರು ಕೇಳುತ್ತಾರೆ: 'ಕಂಪನಿಯವರು ಲೆಕ್ಕ ಹಾಕಿಯೇ ಕೂರಿಸಿದ್ದಾರಲ್ಲ, ಇವರದೇನು ಅಧಿಕಪ್ರಸಂಗ?'

ಉತ್ತರ: ಕಂಪನಿ ಲೆಕ್ಕ ಹಾಕಿದ್ದು ತರಕಾರಿ ತರಲು ಹೋಗುವ ಗೃಹಸ್ಥನಿಗೆ. ಅವನೇ ಭಾನುವಾರ ಅಂಟುಟಯರು ತೊಡಿಸಿ ಟ್ರ್ಯಾಕಿಗಿಳಿದರೆ ಲೆಕ್ಕ ಬೇರೆ. ತಿರುವಿನಲ್ಲಿ ಹೊರಗಡೆಯ ಮುಂಚಕ್ರದ ಮೇಲೆ 400 ಕಿಲೋ ಬಿದ್ದಿದೆ, ಟಯರು ಅದರ 1.2 ಪಟ್ಟು ಅಡ್ಡಬಲದಿಂದ ನೆಲ ಕಚ್ಚಿದೆ ಎನ್ನೋಣ. ಚಕ್ರದ ತ್ರಿಜ್ಯ ಸುಮಾರು 29 ಸೆಂಟಿಮೀಟರ್. ಅಷ್ಟುದ್ದದ ಸನ್ನೆಕೋಲಿನ ತುದಿಯಲ್ಲಿ 480 ಕಿಲೋ ಮೀಟುತ್ತಿದ್ದಂತಾಯಿತು. ಅದನ್ನು ತಡೆಯುವುದು ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಕೂತ ಎರಡು ಸಾಲು ಗುಂಡುಗಳು.

1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಎಂಬ ಇಬ್ಬರು ಭಾಷ್ಯಕಾರರು ಪ್ರಕಟಿಸಿದ ಸಿದ್ಧಾಂತದ ಪ್ರಕಾರ ಗುಂಡಿನ ಬೇರಿಂಗಿನ ಆಯುಸ್ಸು ಹೊರೆಯ ಘನಕ್ಕೆ ವಿಲೋಮ. ಹೊರೆ ಕಾಲುಪಾಲು ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ. ಎರಡು ಪಟ್ಟಾದರೆ ಎಂಟರಲ್ಲೊಂದು. ಇನ್ನು 'ಆಯುಸ್ಸು' ಎಂದರೆ ಏನು? ನೂರು ಬೇರಿಂಗುಗಳಲ್ಲಿ ತೊಂಬತ್ತು ಎಷ್ಟು ಸುತ್ತು ಬಾಳುತ್ತವೋ ಅಷ್ಟು. ಉಳಿದ ಹತ್ತರ ಗತಿಯೇನೆಂದು ಶಾಸ್ತ್ರ ಹೇಳುವುದಿಲ್ಲ. ಆದರೆ ಯಾವ ಕಾರಿನ ಒಡೆಯನನ್ನು ಕೇಳಿದರೂ ಆ ಹತ್ತೂ ತನ್ನ ಪಾಲಿಗೇ ಬಂದವೆನ್ನುತ್ತಾನೆ.

ಸಾಲದ್ದಕ್ಕೆ ಪಕ್ಕದಲ್ಲೇ ಬ್ರೇಕ್ ಡಿಸ್ಕಿನ ಯಜ್ಞಕುಂಡ. ಆ ಕಾವಿಗೆ ಸಾಧಾರಣ ಗ್ರೀಸು ನೀರಾಗಿ ಸೀಲಿನಿಂದಾಚೆ ವಲಸೆ ಹೋಗುತ್ತದೆ.

ಸಂಪ್ರದಾಯ ಭೇದ

ಪರಿಹಾರ ಹೇಳುವ ಪಂಥಗಳು ನಾಲ್ಕು. ಗ್ರೀಸ್ ಪಂಥದವರು ಹೊಸ ಹಬ್ಬನ್ನೇ ಬಿಚ್ಚಿ, ಕಾರ್ಖಾನೆಯ ಗ್ರೀಸನ್ನು ತೊಳೆದು, ಹೆಚ್ಚು ಶಾಖ ತಾಳುವ ಗ್ರೀಸು ತುಂಬುತ್ತಾರೆ. ಇವರ ಕೈಕುಲುಕುವಾಗ ಎಚ್ಚರ. ಉರುಳೆ ಪಂಥದವರಿಗೆ ಹಳೆಯ ಪೋರ್ಷ 911ರ ಮುಂಚಕ್ರವೇ ಆದರ್ಶ. ಅಲ್ಲಿ ಗುಂಡಿನ ಬದಲು ಮೊನಚುರುಳೆಗಳಿವೆ; ನಟ್ಟನ್ನು ಬಿಗಿ ಮಾಡಿ, ಒಳಗಿನ ವಾಷರು ಸ್ಕ್ರೂಡ್ರೈವರಿನ ಒತ್ತಿಗೆ ಕಷ್ಟಪಟ್ಟು ಸರಿಯುವಷ್ಟೇ ಸಡಿಲ ಬಿಡಬೇಕು. ಅಸಮ ಪಂಥದವರು ಕಾರ್ವೆಟ್ ಕಾರಿನವರು. ಅವರು ಹಾಕಿಸುವ ಎಸ್‌ಕೆಎಫ್‌ನ ಎಕ್ಸ್-ಟ್ರ್ಯಾಕರ್ ಹಬ್ಬಿನಲ್ಲಿ ಹೊರಸಾಲಿನ ವೃತ್ತ ಒಳಸಾಲಿಗಿಂತ ದೊಡ್ಡದು, ಗುಂಡುಗಳೂ ಹೆಚ್ಚು. ನಾಲ್ಕನೆಯದು ಸೆರಾಮಿಕ್ ಪಂಥ. ಸಿಲಿಕಾನ್ ನೈಟ್ರೈಡ್ ಗುಂಡಿನ ತೂಕ ಉಕ್ಕಿನ ಗುಂಡಿನ ಶೇ. 40ರಷ್ಟೇ. ಆದರೆ ಆ ಹಗುರತನಕ್ಕೆ ಬೆಲೆ ಬರುವುದು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಯಂತ್ರಗಳಲ್ಲಿ. ಗಂಟೆಗೆ 180 ಕಿ.ಮೀ. ಓಡುವ ಮಿಯಾಟಾದ ಚಕ್ರ ನಿಮಿಷಕ್ಕೆ ತಿರುಗುವುದು ಸುಮಾರು 1,650 ಸುತ್ತು. ಆದ್ದರಿಂದ ಈ ಪಂಥಕ್ಕೆ ಸೇರಲು ಕಾರಣ ಬೇಕಿಲ್ಲ, ಭಕ್ತಿ ಸಾಕು.

ಪ್ರಯೋಗವಿಧಿ

ಮಿಯಾಟಾದ ಮುಂಗಡೆ ಹಬ್ಬು ಮತ್ತು ಬೇರಿಂಗು ಒಂದೇ ಪಿಂಡ. ಇಡಿಯಾಗಿ ತೆಗೆದು ಇಡಿಯಾಗಿ ಹಾಕಬೇಕು. ಹಬ್ಬಿನ ನಟ್ಟು 29 ಮಿ.ಮೀ.; ಬಿಚ್ಚಿಕೊಳ್ಳದಿರಲೆಂದು ಅದರ ಕಂಠವನ್ನು ಅಚ್ಚಿನ ತೋಡಿನೊಳಕ್ಕೆ ಗುದ್ದಿ ಕೂರಿಸಿರುತ್ತಾರೆ. ಮೊದಲು ಉಳಿಯಿಂದ ಆ ಕಂಠವನ್ನೆಬ್ಬಿಸಿ, ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಆ ಪೈಪಿನ ಮೇಲೆ ವರ್ಕ್‌ಶಾಪಿನಲ್ಲಿ ಅತಿ ಹೆಚ್ಚು ತೂಕದವರನ್ನು ನಿಲ್ಲಿಸುವುದು ಸಂಪ್ರದಾಯ. ಹಿಂಗಡೆಯ ಬೇರಿಂಗಿಗೆ ಪ್ರೆಸ್ಸು ಬೇಕು. ಕೂರಿಸುವಾಗ ಹೊರಬಳೆಯನ್ನೇ ಒತ್ತಬೇಕು. ಒಳಬಳೆ ಒತ್ತಿದರೆ ಅಷ್ಟೂ ಬಲ ಗುಂಡುಗಳ ಮೂಲಕ ಹಾದು ಓಡುದಾರಿಯಲ್ಲಿ ತಗ್ಗು ಬೀಳುತ್ತದೆ, ಹೊಸ ಬೇರಿಂಗು ಹುಟ್ಟುತ್ತಲೇ ಗೊಣಗುತ್ತದೆ. ನಟ್ಟನ್ನು ಟಾರ್ಕ್ ಪಾನಾದಿಂದಲೇ ಬಿಗಿಯಬೇಕು, ಯಾಕೆಂದರೆ ಗುಂಡುಗಳ ನಡುವಿನ ಬಿಗಿ ನಿರ್ಧಾರವಾಗುವುದು ಅದರಿಂದ. 'ಕೈ ಅಂದಾಜು' ಎಂಬುದನ್ನು ಯಾವ ಆಚಾರ್ಯರೂ ಪ್ರಮಾಣವೆಂದು ಒಪ್ಪಿಲ್ಲ. ಒಪ್ಪದೆಯೂ ಅದು ನಡೆದುಕೊಂಡು ಬಂದಿದೆ.

ಸಿದ್ಧಾಂತ

ಇನ್ನು ನಮ್ಮ ಮೂಲ ಕೊಡುಗೆಯಾದ ಲೋಪಾಂತರ ಸೂತ್ರ: ಲೋಪಕ್ಕೆ ನಾಶವಿಲ್ಲ, ವರ್ಗಾವಣೆ ಮಾತ್ರ.

ಅಂಟುಟಯರು ಬಂದದ್ದರಿಂದ ಹಬ್ಬು ಸೋತಿತು. ಹಬ್ಬು ಗಟ್ಟಿಯಾದರೆ ಹೊರೆ ವೀಲ್ ಸ್ಟಡ್ಡುಗಳ ಮೇಲೆ ಬೀಳುತ್ತದೆ. ಉದ್ದನೆಯ ಗಟ್ಟಿ ಸ್ಟಡ್ಡು ಹಾಕಿಸಿದರೆ ಬಾಲ್ ಜಾಯಿಂಟುಗಳ ಸರದಿ, ಆಮೇಲೆ ಬುಷ್ಷುಗಳದ್ದು. ಎಲ್ಲವೂ ಗಟ್ಟಿಯಾದ ಮೇಲೆ ಕಾರು ತಿರುವಿನಲ್ಲಿ ಇನ್ನೂ ವೇಗವಾಗಿ ಹೋಗುತ್ತದೆ, ಒಡೆಯ ಇನ್ನೂ ಅಂಟಿರುವ ಟಯರು ತರುತ್ತಾನೆ, ಸಂಸಾರಚಕ್ರ ಮತ್ತೊಂದು ಸುತ್ತು ಹಾಕುತ್ತದೆ.

ಹಾಗಾದರೆ ಮೋಕ್ಷ? ದಾರಿ ಎರಡು. ಸಾಧಾರಣ ಹಬ್ಬನ್ನೇ ಬ್ರೇಕ್ ಪ್ಯಾಡಿನಂತೆ ಸವೆಯುವ ವಸ್ತುವೆಂದು ಬಗೆದು, ಗೊಣಗುವ ಮೊದಲೇ ಅವಧಿಗೊಮ್ಮೆ ಬದಲಿಸುತ್ತಾ ಹೋಗುವುದು ಒಂದು. ಅಗ್ಗದ ಭಾಗವೊಂದು ಮೊದಲು ಸೋಲುವಂತಿದ್ದರೆ ದುಬಾರಿ ಭಾಗಗಳು ಉಳಿಯುತ್ತವೆ. ಇದು ಗೃಹಸ್ಥಾಶ್ರಮಕ್ಕೆ ತಕ್ಕದ್ದು. ಎರಡನೆಯದು, ಅಂಟುಟಯರು ಬಿಚ್ಚಿ ಮೊದಲಿನ ಟಯರು ಹಾಕುವುದು. ಇದು ಸನ್ಯಾಸ, ಹೇಳುವುದಕ್ಕೆ ಚೆನ್ನ, ತೆಗೆದುಕೊಂಡವರನ್ನು ನಾವಂತೂ ಕಂಡಿಲ್ಲ.

ಫಲಶ್ರುತಿ

ಈ ಪ್ರಕರಣವನ್ನು ಜಾಕಿನ ಬಳಿ ಕುಳಿತು ಭಕ್ತಿಯಿಂದ ಪಠಿಸಿದವರಿಗೆ ಹಬ್ಬಿನ ಗುಂಯ್‌ಕಾರ ಶಮನವಾಗುವುದಿಲ್ಲ. ಆದರೆ ಬಿಲ್ಲು ಕೈಗೆ ಬಂದಾಗ ಯಾವ ಸಾಲಿನಲ್ಲಿ ಯಾವ ಪಂಥಕ್ಕೆ ದಕ್ಷಿಣೆ ಕೊಟ್ಟೆವೆಂಬ ಜ್ಞಾನ ಲಭಿಸುತ್ತದೆ. ಹೆಂಡತಿಗೆ ತಿಳಿಯದಂತೆ ಹಬ್ಬು ತರಿಸಿದವರಿಗೂ ಈ ಫಲ ಸಲ್ಲುತ್ತದೆ. ಪಾರ್ಸಲ್ ಬಂದಾಗ ಬಾಗಿಲು ತೆರೆಯುವವರು ಯಾರು ಎಂಬುದು ಮಾತ್ರ ಶಾಸ್ತ್ರದ ಕೈ ಮೀರಿದ್ದು.