ಪ್ರಾಚೀನಗೃಹ ಪರೀಕ್ಷಾ ಮೀಮಾಂಸೆ

ಇಂಗ್ಲೆಂಡಿನಲ್ಲಿ ಹಳೆಯ ಕಾಲದ ಮನೆ ಕೊಳ್ಳುವವರು ಯಾವ ದರ್ಜೆಯ ಸರ್ವೆ ಮಾಡಿಸಬೇಕೆಂದು ನಿರ್ಣಯಿಸುವ ಶಾಸ್ತ್ರಕ್ಕೆ ಪ್ರಾಚೀನಗೃಹ ಪರೀಕ್ಷಾ ಮೀಮಾಂಸೆ ಎಂದು ಹೆಸರು. ಸಕಲ ಶಾಸ್ತ್ರಗಳಂತೆ ಇದಕ್ಕೂ ಅನುಬಂಧ ಚತುಷ್ಟಯವುಂಟು. ವಿಷಯ, ಗೋಡೆಯ ತೇವ. ಪ್ರಯೋಜನ, ಬೆಲೆಯಲ್ಲಿ ಚೌಕಾಶಿ. ಸಂಬಂಧ, ಸರ್ವೇಯರನಿಗೂ ಗಿರಾಕಿಗೂ ಆಗುವ ಕರಾರು. ಸರ್ವೇಯರ್ ಯಾವುದಕ್ಕೆಲ್ಲ ಹೊಣೆಯಲ್ಲ ಎಂಬುದೇ ಅದರ ಬಹುಭಾಗ. ಅಧಿಕಾರಿ, ಅಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು, ಹಜಾರದ ಅಗ್ಗಿಷ್ಟಿಕೆಯನ್ನು ಕಂಡೊಡನೆ ಮನಸೋತು ಬೆಲೆ ಹೇಳಿಬಿಟ್ಟಿರುವ ಗೃಹಸ್ಥ. ಕೊಳ್ಳುವವನೇ ಕಣ್ಣು ಬಿಟ್ಟು ನೋಡಿಕೊಳ್ಳಬೇಕು ಎಂಬುದು ಆ ದೇಶದ ಕಾನೂನಿನ ಹಳೆಯ ಸೂತ್ರ. ಮನಸೋತವನ ಕಣ್ಣು ಕೆಲಸಕ್ಕೆ ಬಾರದ್ದರಿಂದ ಬಾಡಿಗೆಗೆ ಬೇರೊಂದು ಜೊತೆ ಕಣ್ಣು ಬೇಕಾಗುತ್ತದೆ. ಪೋಡಿ, ಹದ್ದುಬಸ್ತು ಮಾಡಿಸಿಯೇ ಗೊತ್ತಿರುವ ಕನ್ನಡ ಓದುಗರು ಗಮನಿಸಬೇಕಾದದ್ದು, ಈ ಸರ್ವೇಯರ್ ಸರಪಳಿ ಹಿಡಿದು ಬರುವುದಿಲ್ಲ. ಗಡಿ ಜಗಳಗಳಲ್ಲಿ ಆತನಿಗೆ ಆಸಕ್ತಿಯೂ ಇಲ್ಲ.

ಇನ್ನು ಪ್ರಾಚೀನಗೃಹದ ಲಕ್ಷಣ. 1714ರಿಂದ ಮುಂದಿನದು ಜಾರ್ಜಿಯನ್, 1837ರಿಂದ 1901ರವರೆಗಿನದು ವಿಕ್ಟೋರಿಯನ್, ಅದರ ಬೆನ್ನಿಗೆ ಬಂದದ್ದು ಎಡ್ವರ್ಡಿಯನ್ ಎಂದು ಚರಿತ್ರಕಾರರು ರಾಜರಾಣಿಯರ ಲೆಕ್ಕದಲ್ಲಿ ವಿಭಾಗಿಸುತ್ತಾರೆ. ಗಾರೆ ಕೆಲಸದವರ ಯುಗವಿಭಾಗ ಬೇರೆ: 1919ಕ್ಕೆ ಹಿಂದಿನದು, ಮುಂದಿನದು. ಹಿಂದಿನದರಲ್ಲಿ ಸಾಮಾನ್ಯವಾಗಿ ಒಂಬತ್ತು ಅಂಗುಲದ ಘನ ಇಟ್ಟಿಗೆ ಗೋಡೆ, ಸುಣ್ಣದ ಗಾರೆ. ಮಳೆ ಬಂದಾಗ ಈ ಗೋಡೆ ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಬಿಟ್ಟುಕೊಡುತ್ತದೆ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಇಪ್ಪತ್ತನೆಯ ಶತಮಾನದ ಮಾಲೀಕರು ಈ ಗೋಡೆಗಳ ಸಂದಿಗೆ ಸಿಮೆಂಟು ಮೆತ್ತಿದರು, ಒಳಗೆ ಜಿಪ್ಸಂ ಬಳಿದರು, ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆದರು. ಕುಡಿದ ನೀರಿಗೆ ಹೊರದಾರಿ ಮುಚ್ಚಿತು. ಅಂದಿನಿಂದ ತೇವವೊಂದು ಸ್ವತಂತ್ರ ಉದ್ಯಮ. ಕೆಲವು ಮನೆಗಳಲ್ಲಿ ಇಟ್ಟಿಗೆ ಕಟ್ಟಿ ಮುಚ್ಚಿದ ಕಿಟಕಿಗಳೂ ಕಾಣುತ್ತವೆ. 1696ರಿಂದ 1851ರವರೆಗೆ ಅಲ್ಲಿ ಕಿಟಕಿಗೂ ತೆರಿಗೆಯಿತ್ತು. ಅಂದು ತೆರಿಗೆ ತಪ್ಪಿಸಿಕೊಳ್ಳಲು ಕತ್ತಲೆ ಮಾಡಿಕೊಂಡ ಕೋಣೆಯನ್ನು ದಲ್ಲಾಳಿ ಇಂದು ‘ಪಾರಂಪರಿಕ ಸೊಬಗು’ ಎಂದು ಹೆಚ್ಚಿನ ಬೆಲೆಗೆ ಮಾರುತ್ತಾನೆ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಸಾಲ ಕೊಡುವ ಬ್ಯಾಂಕೇ ಒಬ್ಬನನ್ನು ಕಳಿಸಿ ಮನೆ ನೋಡಿಸಿದೆಯಲ್ಲ, ಮತ್ತೇಕೆ ಸರ್ವೆ? ಇದು ಬಾಲಿಶ ವಾದ. ಬ್ಯಾಂಕಿನವನು ನೋಡುವುದು ಮನೆಯನ್ನಲ್ಲ, ಸಾಲ ತೀರದಿದ್ದರೆ ಅದನ್ನು ಎಷ್ಟಕ್ಕೆ ಮಾರಬಹುದು ಎಂಬುದನ್ನು. ಎಷ್ಟೋ ಸಲ ಆತ ಬರುವುದೂ ಇಲ್ಲ, ಕಂಪ್ಯೂಟರೇ ಬೆಲೆ ಕಟ್ಟಿಬಿಡುತ್ತದೆ. ಇದಕ್ಕೆ ಆಧಾರವಾಗಿ ಸಿದ್ಧಾಂತಿಗಳು ಸ್ಮಿತ್ ವಿರುದ್ಧ ಎರಿಕ್ ಎಸ್. ಬುಷ್ ಎಂಬ ಪ್ರಕರಣವನ್ನು ಉದಾಹರಿಸುತ್ತಾರೆ. ನಾರ್ವಿಚ್ ಪಟ್ಟಣದ ಒಂದು ಮನೆಯಲ್ಲಿ ಹಿಂದೆ ಯಾರೋ ಜಾಗ ಉಳಿಯಲೆಂದು ಮೇಲಂತಸ್ತಿನ ಕೋಣೆಯೊಳಕ್ಕೆ ಚಾಚಿದ್ದ ಚಿಮಣಿಯ ಬುಡವನ್ನು ಒಡೆಸಿ ತೆಗೆದಿದ್ದರು. ಅಟ್ಟದೊಳಗಿನ ಭಾಗ, ಸೂರಿನ ಮೇಲಿನ ಚಿಮಣಿ ಮಾತ್ರ ಹಾಗೆಯೇ ಉಳಿದವು, ಕೆಳಗೆ ಆಧಾರವಿಲ್ಲ. ಸಾಲದ ಪರವಾಗಿ ಬಂದವನು ಬುಡ ಇಲ್ಲದ್ದನ್ನು ಗಮನಿಸಿದ, ಮೇಲಿನದು ಯಾವುದರ ಮೇಲೆ ನಿಂತಿದೆ ಎಂದು ಅಟ್ಟ ಹತ್ತಿ ನೋಡಲಿಲ್ಲ. ದೊಡ್ಡ ರಿಪೇರಿ ಬೇಕಿಲ್ಲ ಎಂದು ಬರೆದ. ಹದಿನೆಂಟು ತಿಂಗಳಿಗೆ ಇಟ್ಟಿಗೆಗಳು ಅಟ್ಟ ತೂರಿಕೊಂಡು ಮಲಗುವ ಕೋಣೆಗೆ ಬಿದ್ದವು. ಇಂಥ ಸಾಧಾರಣ ಮನೆಯ ಖರೀದಿದಾರರಿಗೂ ಆತ ಹೊಣೆಯೇ ಎಂದು 1989ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಗೆದ್ದದ್ದೇನೋ ನಿಜ. ಆದರೆ ಮಂಚದ ಮೇಲೆ ಚಿಮಣಿ ಬಿದ್ದ ಮೇಲೆ ದೇಶದ ಅತ್ಯುನ್ನತ ನ್ಯಾಯಪೀಠದವರೆಗೆ ಹೋಗುವುದಕ್ಕಿಂತ ಮೊದಲೇ ಶುಲ್ಕ ತೆತ್ತು ಸರ್ವೆ ಮಾಡಿಸುವುದು ಅಗ್ಗ ಎಂಬುದು ಶಾಸ್ತ್ರಕಾರರ ಮತ.

ಸರ್ವೆಗಳು ಮೂರು. 1868ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಚಾರ್ಟರ್ಡ್ ಸರ್ವೇಯರುಗಳ ಸಂಸ್ಥೆ 2021ರಿಂದ ಇವನ್ನು ಲೆವೆಲ್ ಒಂದು, ಎರಡು, ಮೂರು ಎಂದು ಕರೆಯುತ್ತದೆ. ಒಂದನೆಯದು ಹಳೆಮನೆಗೆ ನಿಷಿದ್ಧ, ಚರ್ಚೆ ಬೇಡ. ಎರಡನೆಯದು ದೋಷವಿದೆ ಎನ್ನುತ್ತದೆ. ಮೂರನೆಯದು ದೋಷ ಏಕೆ ಬಂತು, ಬಿಟ್ಟರೆ ಏನಾಗುತ್ತದೆ, ಹೇಗೆ ಸರಿಪಡಿಸಬೇಕು ಎಂಬುದನ್ನೂ ಹೇಳುತ್ತದೆ. ಶುಲ್ಕ ಸಾವಿರ ಪೌಂಡ್ ದಾಟುವುದುಂಟು. ವರದಿಯಲ್ಲಿ ಮನೆಯ ಅಂಗಾಂಗಗಳಿಗೆ ಹಸಿರು, ಹಳದಿ, ಕೆಂಪು ಎಂಬ ತ್ರಿಗುಣಗಳನ್ನು ಹಚ್ಚಿರುತ್ತಾರೆ. ಸತ್ತ್ವ, ರಜಸ್ಸು, ತಮಸ್ಸುಗಳಿಗೆ ಇವು ಹೊಂದುವುದು ಸ್ಪಷ್ಟವೇ ಇದೆ. ನಾಲ್ಕನೆಯದೊಂದಿದೆ, ‘ಪರೀಕ್ಷಿಸಿಲ್ಲ’ ಎಂಬುದು. ಅದು ನಿರ್ಗುಣ, ಸರ್ವವ್ಯಾಪಿ.

ಸರ್ವೇಯರನ ಜ್ಞಾನ ಹುಟ್ಟುವ ಬಗೆಯನ್ನು ಪ್ರಮಾಣಗಳ ಮೂಲಕ ತಿಳಿಯಬೇಕು. ಪ್ರತ್ಯಕ್ಷಕ್ಕೆ ಸಾಧನಗಳು ಟಾರ್ಚು, ಬೈನಾಕ್ಯುಲರ್, ಮೂರು ಮೀಟರಿನ ಏಣಿ. ಏಣಿಗೆ ಎಟುಕದ್ದು ಶ್ರದ್ಧೆಯ ವಿಷಯ. ಅನುಮಾನವೆಂದರೆ, ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರಂತೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಕಂಡು ಅಡಿಪಾಯ ಕುಸಿದಿದೆ ಎನ್ನುವುದು. ಲಂಡನ್ನಿನ ಜೇಡಿಮಣ್ಣು ಬರಗಾಲದಲ್ಲಿ ಕುಗ್ಗುತ್ತದೆ, ಪಕ್ಕದಲ್ಲಿ ಓಕ್ ಅಥವಾ ವಿಲೋ ಮರವಿದ್ದರೆ ಇನ್ನಷ್ಟು; 1976ರ ಬರದಲ್ಲಿ ಇದು ವಿಮಾ ಕಂಪನಿಗಳಿಗೆ ಚೆನ್ನಾಗಿ ಮನವರಿಕೆಯಾಯಿತು. ಆದರೆ ಈ ಅನುಮಾನಕ್ಕೆ ವ್ಯಭಿಚಾರ ದೋಷವುಂಟು. ವಿಕ್ಟೋರಿಯನ್ ಮನೆಗಳ ಎಷ್ಟೋ ಬಿರುಕುಗಳು ಕಟ್ಟಿದ ಹೊಸತರಲ್ಲೇ ಬಿಟ್ಟು ಅಲ್ಲಿಗೇ ನಿಂತಂಥವು. ಶಬ್ದ ಪ್ರಮಾಣಕ್ಕೆ ನಿದರ್ಶನ ಡೆತ್‌ವಾಚ್ ಎಂಬ ಮರಕೊರಕ ಜೀರುಂಡೆ: ಓಕ್ ತೊಲೆಯೊಳಗೆ ವರ್ಷಗಟ್ಟಲೆ ಮೇದು, ವಸಂತದಲ್ಲಿ ಸಂಗಾತಿಯನ್ನು ಕರೆಯಲು ತಲೆಯಿಂದ ಮರವನ್ನು ಟಕಟಕ ಬಡಿಯುತ್ತದೆ. ಉಳಿದದ್ದು ಅನುಪಲಬ್ಧಿ. ಹಾಸಿ ಬಿಗಿದ ಕಾರ್ಪೆಟ್ ಎತ್ತುವಂತಿಲ್ಲ, ಭಾರದ ಬೀರು ಸರಿಸುವಂತಿಲ್ಲ. ಆದ್ದರಿಂದ ‘ಹುಳ ಕಾಣಲಿಲ್ಲ’ ಎಂದು ಬರೆದಿದ್ದರೆ ‘ಹುಳ ಇಲ್ಲ’ ಎಂದು ಓದಿಕೊಳ್ಳುವುದು ಶಾಸ್ತ್ರವಿರೋಧ.

ತೇವಮಾಪಕದ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಯಂತ್ರ, ತುದಿಯಲ್ಲಿ ಎರಡು ಮೊಳೆ. ಗೋಡೆಗೆ ಒತ್ತಿದರೆ ಕೀಂ ಎಂದು ಕೂಗಿ ಕೆಂಪು ದೀಪ ತೋರುತ್ತದೆ. ನೋಡುತ್ತ ನಿಂತ ಗೃಹಸ್ಥನ ಮುಖವೂ ಬಣ್ಣ ಬದಲಿಸುತ್ತದೆ. ಅದು ಅಳೆಯುವುದು ನೀರನ್ನಲ್ಲ, ಎರಡು ಮೊಳೆಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯಿತು ಎಂಬುದನ್ನು. ಅಂಕಿ ಹೊಂದಿಸಿರುವುದೂ ಮರಕ್ಕೆ, ಇಟ್ಟಿಗೆಗಲ್ಲ. ಗೋಡೆಯಲ್ಲಿ ಹಳೆಯ ಉಪ್ಪು ಕೂತಿದ್ದರೆ, ವಾಲ್‌ಪೇಪರಿನ ಹಿಂದೆ ಲೋಹದ ಹಾಳೆಯಿದ್ದರೆ ಒಣಗೋಡೆಯೂ ಕೀಂ ಎನ್ನುತ್ತದೆ. ಇದಾದ ಮೇಲೆ ಬರುವುದು ‘ಉಚಿತ ತೇವ ತಪಾಸಣೆ’. ಗೋಡೆಗೆ ರಾಸಾಯನಿಕ ಚುಚ್ಚುವ ಕಂಪನಿಗಳು ಇದನ್ನು ಪುಕ್ಕಟೆ ಮಾಡಿಕೊಡುತ್ತವೆ. ಇದರ ಫಲಿತಾಂಶವನ್ನು ಮನೆ ನೋಡದೆಯೂ ಹೇಳಬಹುದಾದ್ದರಿಂದ ಇದು ಎಲ್ಲ ತಪಾಸಣೆಗಳಲ್ಲಿ ಅತ್ಯಂತ ನಿಖರವಾದದ್ದು. ಸೋರುವ ದೋಣಿ ಸರಿಮಾಡಿಸಿ, ಗೋಡೆಯ ಹೊರಗೆ ಏರಿಸಿದ ಮಣ್ಣು ತಗ್ಗಿಸಿ, ಸಿಮೆಂಟು ಕೆತ್ತಿ ಸುಣ್ಣ ಹಾಕಿಸಿ ಎಂಬ ಸಪ್ಪೆ ಸಲಹೆ ಕೊಡುವವರೂ ಇದ್ದಾರೆ. ವಿಲಿಯಂ ಮಾರಿಸ್ ಮುಂದಾಗಿ 1877ರಲ್ಲಿ ಕಟ್ಟಿದ ಪುರಾತನ ಕಟ್ಟಡ ರಕ್ಷಣಾ ಸಂಘ ಈ ಪಂಥದ್ದು.

ಸಿದ್ಧಾಂತ ಇಷ್ಟು. 1919ಕ್ಕೆ ಹಿಂದಿನ ಮನೆ, ಹುಲ್ಲಿನ ಸೂರು, ಮರದ ಚೌಕಟ್ಟು, ಗೋಡೆ ಒಡೆದು ಬದಲಾಯಿಸಿದ್ದು, ಸಂರಕ್ಷಿತ ಪಟ್ಟಿಯಲ್ಲಿರುವುದು, ಇವಕ್ಕೆ ಮೂರನೆಯದೇ ವಿಧಿ. ಪಟ್ಟಿಯ ಮನೆಯಲ್ಲಿ ಹಿಂದಿನವರು ಅನುಮತಿಯಿಲ್ಲದೆ ಕಿಟಕಿ ಕಿತ್ತಿದ್ದರೆ ಸರಿಪಡಿಸುವ ಹೊಣೆ ಹೊಸಬರ ತಲೆಗೆ ಬರಬಹುದು, ಅದಕ್ಕೆ ಕಾಲಮಿತಿಯಿಲ್ಲ. 1930ರ ದಶಕದ ಮಾಮೂಲಿ ಮನೆಗೆ ಎರಡನೆಯದು ಸಾಕು. ದರ್ಜೆಗಿಂತ ಆಳು ಮುಖ್ಯ ಎಂಬುದೂ ಉಂಟು: ಸುಣ್ಣದ ಗಾರೆ ಬಲ್ಲವನೇ ಎಂದು ಮೊದಲು ಕೇಳಬೇಕು, ಮನೆ ನೋಡಿ ಬಂದ ಸಂಜೆ ಫೋನ್ ಮಾಡಬೇಕು. ವರದಿಯಲ್ಲಿ ಬರೆಯದ್ದನ್ನು ಆತ ಆಗ ಹೇಳುತ್ತಾನೆ. ಚರಂಡಿಗೆ ಕ್ಯಾಮೆರಾ, ವೈರಿಂಗಿಗೆ ಎಲೆಕ್ಟ್ರಿಷಿಯನ್, ಬಿರುಕಿಗೆ ಸ್ಟ್ರಕ್ಚರಲ್ ಎಂಜಿನಿಯರ್ ಬೇರೆಯೇ ಬೇಕು. ಲಂಡನ್ನಿನ ಕನ್ನಡಿಗರಲ್ಲಿ ಕೆಲವರು ಇವರಿಗೆಲ್ಲ ಮೊದಲು ನಕ್ಷೆಯನ್ನು ಊರಿನ ವಾಸ್ತು ಪಂಡಿತರಿಗೆ ವಾಟ್ಸಾಪ್ ಮಾಡುವುದುಂಟು. ಅವರ ವರದಿಯಲ್ಲಿ ‘ಪರೀಕ್ಷಿಸಿಲ್ಲ’ ಎಂಬ ಕಾಲಮ್ಮೇ ಇರುವುದಿಲ್ಲ.

ಒಂದೇ ಮನೆಗೆ ಮೂವರು ಗಿರಾಕಿಗಳು ಬಂದು ಹೋದರೆ ಮೂರು ಸರ್ವೆಗಳಾಗುವುದನ್ನು ತಪ್ಪಿಸಲು ಸ್ಕಾಟ್ಲೆಂಡ್ 2008ರ ಡಿಸೆಂಬರಿನಿಂದ ಮಾರುವವನ ಕೈಯಲ್ಲೇ ವರದಿ ಮಾಡಿಸುತ್ತದೆ. ಮನೆ ಮಾರಾಟಕ್ಕಿಡುವಾಗ ಅದು ಹನ್ನೆರಡು ವಾರಕ್ಕಿಂತ ಹಳೆಯದಾಗಿರಬಾರದು. ಇಂಗ್ಲೆಂಡ್ 2007ರಲ್ಲಿ ಇಂಥದೇ ಕಂತೆಯೊಂದನ್ನು ಮಾರುವವರ ತಲೆಗೆ ಕಟ್ಟಿತು, ಆದರೆ ಮನೆಯ ಸ್ಥಿತಿಯ ವರದಿಯೊಂದನ್ನು ಮಾತ್ರ ಕಡ್ಡಾಯ ಮಾಡಲಿಲ್ಲ. 2010ರಲ್ಲಿ ಕಂತೆಯನ್ನೇ ಕೈಬಿಟ್ಟಿತು. ಉಳಿದದ್ದು ಇಂಧನ ಪ್ರಮಾಣಪತ್ರವೊಂದೇ. ಹತ್ತು ವರ್ಷ ನಡೆಯುತ್ತದೆ.