ಬೆಕ್ಕಿಗೆ ಒಪ್ಪುವ ಜಾತಿ ನಾಯಿ ಬೇಕಾಗಿದೆ

ಬೆಂಗಳೂರಿನಲ್ಲಿ ಈಗ ನೇರವಾಗಿ ಜಾತಿ ಕೇಳುವುದು ಸಭ್ಯತೆಯಲ್ಲ. ಬಾಡಿಗೆಗೆ ಮನೆ ಕೊಡುವವರು ‘ವೆಜ್ಜಾ, ನಾನ್‌ವೆಜ್ಜಾ?’ ಎಂದು ಸುತ್ತಿ ಬಳಸಿ ಕೇಳುತ್ತಾರೆ. ಮಗಳಿಗೆ ಗಂಡು ನೋಡುವವರು ‘ನಮ್ಮ ಕಡೆಯವರೇ ಆದರೆ ಅನುಕೂಲ’ ಎನ್ನುತ್ತಾರೆ. ಮುಚ್ಚುಮರೆಯಿಲ್ಲದೆ, ಅಪ್ಪ ಅಮ್ಮ ಅಜ್ಜ ಮುತ್ತಜ್ಜನ ಸರ್ಟಿಫಿಕೇಟು ಸಮೇತ ಜಾತಿ ವಿಚಾರಿಸಬಹುದಾದ ಜೀವಿ ಉಳಿದಿರುವುದು ಒಂದೇ. ಅದು ನಾಯಿ. ಆ ಬಡಪಾಯಿಯನ್ನು ‘ಜಾತಿ ನಾಯಿ’, ‘ಕಂತ್ರಿ ನಾಯಿ’ ಎಂದು ನಾವು ಎರಡೇ ವರ್ಣಕ್ಕೆ ಇಳಿಸಿ ಬಹಳ ಕಾಲವಾಯಿತು.

ಮನೆಯಲ್ಲಿ ಆಗಲೇ ಬೆಕ್ಕಿದ್ದರಂತೂ ಈ ವಿಚಾರಣೆಗೆ ವಿಶೇಷ ಕಳೆ. ‘ಬೆಕ್ಕಿನ ಜೊತೆ ಹೊಂದಿಕೊಂಡು ಹೋಗೋ ಬ್ರೀಡ್ ಯಾವುದು?’ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಈ ಪ್ರಶ್ನೆಯ ಮೇಲೆ ಭಾನುವಾರ ಬೆಳಗ್ಗೆ ಸಭೆಯೇ ಸೇರಿತ್ತು. ಮೇಂಟೆನೆನ್ಸ್ ರಸೀದಿ ಕೊಡಲು ಹೋದ ನಾನು ಕಾಫಿಯ ಆಸೆಗೆ ಕೂತೆ.

ಆ ಮನೆಯ ಬೆಕ್ಕಿನ ಹೆಸರು ರಾಣಿ. ಅದರ ಜಾತಿಯನ್ನು ಇವತ್ತಿನವರೆಗೆ ಯಾರೂ ಕೇಳಿಲ್ಲ. ಲಾಕ್‌ಡೌನ್ ಕಾಲದಲ್ಲಿ ಯುಟಿಲಿಟಿಯ ಗ್ರಿಲ್ ನುಸುಳಿ ಒಳಗೆ ಬಂತು, ವಾಷಿಂಗ್ ಮಷೀನ್ ಮೇಲೆ ಒಂದು ನಿದ್ದೆ ತೆಗೆಯಿತು, ಎದ್ದು ಮನೆಯವರನ್ನೆಲ್ಲ ಒಂದು ಸಲ ನೋಡಿ ‘ಪರವಾಗಿಲ್ಲ’ ಎಂದು ತೀರ್ಮಾನಿಸಿತು. ಅಂದಿನಿಂದ ಮನೆ ಅದರದ್ದು, ಇಎಂಐ ಮಾತ್ರ ಇವರದ್ದು. ‘ಪಾಪ, ಒಂಟಿಯಾಗಿಬಿಟ್ಟಿದೆ, ಒಂದು ಕಂಪನಿ ಬೇಕು’ ಎಂದು ಈಗ ನಾಯಿ ತರುವ ಯೋಚನೆ. ತನಗೆ ಕಂಪನಿ ಬೇಕೆಂದು ರಾಣಿ ಯಾರ ಹತ್ತಿರವೂ ಹೇಳಿಕೊಂಡಂತಿಲ್ಲ. ಸಭೆ ನಡೆಯುವಾಗ ಅದು ಫ್ರಿಜ್ಜಿನ ಮೇಲೆ ಮುಂಗಾಲು ಮಡಿಚಿಕೊಂಡು, ಕಣ್ಣು ಅರೆ ಮುಚ್ಚಿ ಕೂತಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಗುರ್ ಎಂದಾಗ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿತು.

ಮಗನಿಗೆ ಹಸ್ಕಿ ಬೇಕು. ಕಣ್ಣು ನೀಲಿ, ಫೋಟೋಗೆ ಚೆನ್ನ. ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಗಾಡಿ ಎಳೆಸಲು ಸಾಕಿದ ನಾಯಿ ಅದು. ಬೇಟೆಯ ಹುಕಿ ಇನ್ನೂ ಆರಿಲ್ಲ, ಸಣ್ಣ ಪ್ರಾಣಿ ಓಡಿತೆಂದರೆ ಬೆನ್ನು ಹತ್ತುವುದೇ ಹೆಚ್ಚು. ಏಪ್ರಿಲ್‌ನಲ್ಲಿ ಅದಕ್ಕೆ ಎಸಿ ರೂಮು, ರಾಣಿಗೆ ಬಚ್ಚಲ ಅಟ್ಟ. ಪ್ರಸ್ತಾಪ ಅಲ್ಲಿಗೇ ಬಿತ್ತು.

ತಾಯಿಯ ವಾದ, ‘ಸಣ್ಣ ನಾಯಿ ತಂದರೆ ಬೆಕ್ಕಿಗೆ ಭಯ ಇರಲ್ಲ.’ ಗಾತ್ರ ನೋಡಿ ಸಾಧು ಎನ್ನುವವರು ಚರಿತ್ರೆ ನೋಡಿರುವುದಿಲ್ಲ. ಡ್ಯಾಷ್‌ಹುಂಡನ್ನು ಜರ್ಮನ್ನರು ಅಷ್ಟು ಗಿಡ್ಡಕ್ಕೆ, ಅಷ್ಟು ಉದ್ದಕ್ಕೆ ಬೆಳೆಸಿದ್ದೇ ಬಿಲಕ್ಕೆ ಇಳಿದು ಬ್ಯಾಜರ್ ಜೊತೆ ಕಾದಾಡಲಿ ಎಂದು. ಟೆರಿಯರ್‌ಗಳ ಕುಲಕಸುಬು ಇಲಿಯನ್ನು ಕಚ್ಚಿ ಕೊಡವಿ ಕೊಲ್ಲುವುದು. ಹಾಗಾದರೆ ಪಗ್? 2003ರ ಸುಮಾರಿಗೆ ಹಚ್ ಮೊಬೈಲಿನ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗಿ ದೇಶವನ್ನೆಲ್ಲ ಮರುಳು ಮಾಡಿದ ನಾಯಿ. ಅದು ಬೆಕ್ಕನ್ನು ಅಟ್ಟಿಸಿಕೊಂಡು ಹೋಗುವುದು ಅಪರೂಪ, ನಿಜ. ಮೂಗನ್ನು ಚಪ್ಪಟೆ ಮಾಡಿ ಮಾಡಿ ಅದಕ್ಕೆ ಸರಿಯಾಗಿ ಉಸಿರಾಡಲೂ ಬಾರದಂತೆ ಮಾಡಿದವರು ನಾವೇ. ನಾಲ್ಕು ಹೆಜ್ಜೆ ಓಡಿದರೆ ಗೊರಕೆ ಶುರು. ಇದಕ್ಕೆ ಸ್ನೇಹ ಎನ್ನುವುದು ಹೇಗೆ, ಇದು ಉಬ್ಬಸ.

ಮಗಳು ಗೋಲ್ಡನ್ ರಿಟ್ರೀವರ್ ಎಂದಳು. ಎಲ್ಲ ಪಟ್ಟಿಗಳ ಮೊದಲ ರ‍್ಯಾಂಕು ಇದಕ್ಕೇ. ಸ್ಕಾಟ್ಲೆಂಡಿನ ಲಾರ್ಡ್ ಒಬ್ಬರು ಹತ್ತೊಂಬತ್ತನೇ ಶತಮಾನದಲ್ಲಿ, ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಎತ್ತಿ ತರಲೆಂದು ಬೆಳೆಸಿದ ತಳಿ. ಕೊಲ್ಲುವ ಕೆಲಸ ಯಜಮಾನನದು, ಹೊರುವ ಕೆಲಸ ನಾಯಿಯದು. ಹಾಗಾಗಿ ಸ್ವಭಾವ ಮೃದು ಎನ್ನುವುದರಲ್ಲಿ ಹುರುಳಿದೆ. ಆದರೆ ಮೂವತ್ತು ಕೆಜಿಯ ನಾಯಿ ನಾಲ್ಕು ಕೆಜಿಯ ಬೆಕ್ಕಿನ ಮೇಲೆ ಪ್ರೀತಿಯಿಂದಲೇ ಬಿದ್ದರೂ ಕೆಳಗಿರುವವರಿಗೆ ಪ್ರೀತಿಯೆಂದು ತಿಳಿಯುವುದು ಸ್ವಲ್ಪ ತಡವಾಗಿ.

ಅಷ್ಟು ಹೊತ್ತು ಪೇಪರಿನ ಹಿಂದಿದ್ದ ಅಜ್ಜ ಆಗ ಕೆಮ್ಮಿದರು. ‘ನಮ್ಮ ನಾಡಿನ ನಾಯಿ ಇರುವಾಗ ಸ್ಕಾಟ್ಲೆಂಡು, ಸೈಬೀರಿಯಾ ಯಾಕಪ್ಪಾ? ಮುಧೋಳ ತನ್ನಿ.’

ಸಭೆ ಒಂದು ಕ್ಷಣ ನವೆಂಬರ್ ಒಂದನೇ ತಾರೀಖಾಯಿತು. ಅಜ್ಜನ ಅಭಿಮಾನಕ್ಕೆ ಆಧಾರ ಕಡಿಮೆಯೇನಿಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆ ಚೀಟಿ ಬಂತು. 2016ರಲ್ಲಿ ಸೇನೆಯವರು ತರಬೇತಿಗೆ ಕರೆದೊಯ್ದರು. 2020ರಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲೂ ಹೆಸರು ಬಂತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರ ನಾಯಿ ಸಂಶೋಧನಾ ಕೇಂದ್ರವೇ ಇದೆ. ಇಷ್ಟೆಲ್ಲ ಬಿರುದು ಬಾವಲಿ ಬಂದದ್ದು ಯಾವ ಗುಣಕ್ಕೆ ಎಂದು ಮಾತ್ರ ಸಭೆಯಲ್ಲಿ ಯಾರೂ ಕೇಳಲಿಲ್ಲ. ಬಯಲಿನಲ್ಲಿ ಮೊಲ ಎದ್ದಿತೆಂದರೆ ಬಿಟ್ಟ ಬಾಣದಂತೆ ಹೋಗಿ ಹಿಡಿಯುವ ಗುಣಕ್ಕೆ. ಈ ನಾಯಿ ಮೂಸಿ ಹುಡುಕುವುದಲ್ಲ, ಕಣ್ಣಲ್ಲಿ ಕಂಡು ಓಡುವುದು. ಎದುರಿಗೆ ಸಣ್ಣದೊಂದು ಪ್ರಾಣಿ ಚಂಗನೆ ಹಾರಿದಾಗ, ಅದು ಮೊಲವೋ ರಾಣಿಯೋ ಎಂದು ಆಧಾರ್ ಕಾರ್ಡ್ ನೋಡುವ ವ್ಯವಧಾನ ಅದಕ್ಕಿರುವುದಿಲ್ಲ. ಮರಿಯಿಂದ ಜೊತೆಗೆ ಬೆಳೆದರೆ ಮನೆಯ ಬೆಕ್ಕನ್ನು ಒಪ್ಪಿಕೊಂಡೀತು. ಅದೇ ನಾಯಿ ಪಾರ್ಕಿಂಗಿನಲ್ಲಿ ಪಕ್ಕದ ಬ್ಲಾಕಿನ ಬೆಕ್ಕನ್ನು ಕಂಡರೆ ಹಳೆಯ ಕಸುಬು ನೆನಪಾದೀತು. ಮೇಲಾಗಿ ಮೈಲಿಗಟ್ಟಲೆ ಓಡಬೇಕಾದ ಮೈಯನ್ನು ಎರಡು ಬೆಡ್‌ರೂಮಿನಲ್ಲಿ ಕಟ್ಟಿ ಹಾಕುವುದೂ ಕನ್ನಡಾಭಿಮಾನದ ಲೆಕ್ಕಕ್ಕೆ ಬರುತ್ತದೆಯೇ, ಅಜ್ಜನನ್ನೇ ಕೇಳಬೇಕು.

ಕೊನೆಗೆ ಬ್ರೀಡರಿಗೆ ಫೋನ್ ಹೋಯಿತು, ಸ್ಪೀಕರ್ ಹಾಕಿ.

‘ಗೋಲ್ಡನ್ ಬೆಕ್ಕಿಗೆ ಅಡ್ಜಸ್ಟ್ ಆಗುತ್ತಾ?’

‘ಫುಲ್ ಕ್ಯಾಟ್ ಫ್ರೆಂಡ್ಲಿ ಮೇಡಂ. ಗ್ಯಾರಂಟಿ.’

‘ಹಸ್ಕಿ?’

‘ಅದೂ ಕ್ಯಾಟ್ ಫ್ರೆಂಡ್ಲಿ ಮೇಡಂ.’

‘ರಾಟ್‌ವೈಲರ್?’ ಎಂದ ಮಗ, ಪರೀಕ್ಷೆ ಮಾಡಲು.

‘ನಮ್ ಹತ್ರ ಇರೋದೆಲ್ಲ ಕ್ಯಾಟ್ ಫ್ರೆಂಡ್ಲಿನೇ ಸಾರ್. ಮೂವತ್ತು ದಿನದ ಮರಿ ಇದೆ, ಇವತ್ತೇ ತಗೊಂಡ್ಹೋಗಿ. ಸಣ್ಣದ್ರಲ್ಲೇ ಹೊಂದಿಕೊಳ್ತದೆ. ಪೇಪರ್ ಬೇಕಂದ್ರೆ ರೇಟು ಬೇರೆ.’

ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಎಂದು ಕೇಂದ್ರ ಸರ್ಕಾರದ 2017ರ ನಿಯಮ ಹೇಳುತ್ತದೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ಜಗಳ ಎನ್ನುವುದನ್ನು ಮರಿ ಕಲಿಯುವುದು ಆ ವಾರಗಳಲ್ಲೇ, ತಾಯಿ ಮತ್ತು ಒಡಹುಟ್ಟಿದವರ ನಡುವೆ. ಆ ಪಾಠ ತಪ್ಪಿಸಿ ತಂದ ಮರಿಗೆ ರಾಣಿಯೇ ಮೇಷ್ಟ್ರಾಗಬೇಕು. ರಾಣಿಯ ಹತ್ತಿರ ಇರುವ ಬೆತ್ತ ಹದಿನೆಂಟು ಉಗುರು.

ಈ ಗ್ಯಾರಂಟಿಯ ಗತಿ ಏನೆಂದು ವಿಜ್ಞಾನಿಗಳೂ ನೋಡಿದ್ದಾರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕದ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮನೆಯವರನ್ನು ವಿಚಾರಿಸಿ, ಎರಡು ಸಾವಿರದಷ್ಟು ನಾಯಿಗಳ ವಂಶವಾಹಿಯನ್ನೂ ಓದಿತು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಸಿಕ್ಕಿತು. ಉಳಿದದ್ದು ಆ ನಾಯಿಯದೇ ಸ್ವಂತ ಜಾಯಮಾನ, ಬೆಳೆದ ಮನೆ, ಕಂಡ ಲೋಕ. ಇನ್ನು ಟೆಲ್ ಅವೀವ್ ವಿಶ್ವವಿದ್ಯಾಲಯದವರು 2008ರಲ್ಲಿ, ಒಂದೇ ಸೂರಿನಡಿ ಬಾಳುವ ನಾಯಿ ಬೆಕ್ಕುಗಳನ್ನೇ ಗಮನಿಸಿದರು. ಸಂಸಾರ ಚೆನ್ನಾಗಿ ನಡೆದದ್ದು ಬೆಕ್ಕು ಮೊದಲು ಬಂದ ಮನೆಯಲ್ಲಿ, ಎರಡೂ ಎಳೆಯ ವಯಸ್ಸಿನಲ್ಲಿ ಕೂಡಿದ ಕಡೆ. ನಾಯಿ ಬಾಲ ಅಲ್ಲಾಡಿಸಿದರೆ ಸಂತೋಷ, ಬೆಕ್ಕು ಬಾಲ ಬೀಸಿದರೆ ಸಿಟ್ಟು. ಆ ಮನೆಗಳ ಪ್ರಾಣಿಗಳು ಬಹುಪಾಲು ಒಂದರ ಬಾಲಭಾಷೆಯನ್ನು ಇನ್ನೊಂದು ಕಲಿತಿದ್ದವಂತೆ. ಹತ್ತು ವರ್ಷದಿಂದ ಇಲ್ಲೇ ಇದ್ದು ‘ಕನ್ನಡ್ ಗೊತ್ತಿಲ್ಲ’ ಎನ್ನುವ ನಮ್ಮ ಅಸೋಸಿಯೇಷನ್ ಪದಾಧಿಕಾರಿಗಳಿಗಾಗಿ ಈ ಸಂಶೋಧನೆಯ ಒಂದು ಪ್ರತಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಬೇಕು.

ಹಾಗಾದರೆ ಮಾಡಬೇಕಾದ್ದು? ಅದರಲ್ಲಿ ಗುಟ್ಟೇನಿಲ್ಲ, ಬೇಜಾರು ಮಾತ್ರ ಇದೆ. ಹೊಸ ನಾಯಿಗೆ ಬೇರೆ ಕೋಣೆ, ಬಾಗಿಲು ಮುಚ್ಚಿರಬೇಕು. ಅದು ಮಲಗಿದ ಬಟ್ಟೆ ಇದಕ್ಕೆ, ಇದು ಮಲಗಿದ ಬಟ್ಟೆ ಅದಕ್ಕೆ, ಮುಖಕ್ಕಿಂತ ಮೊದಲು ವಾಸನೆಯ ಪರಿಚಯವಾಗಲಿ ಎಂದು. ಆಮೇಲೆ ದೂರದಿಂದ ದರ್ಶನ, ನಾಯಿ ಬೆಲ್ಟಿನಲ್ಲಿ, ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ. ನಾಯಿ ಕಣ್ಣು ಕೀಲಿಸಿ ನೋಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಮಾರನೇ ದಿನ ಮತ್ತೆ. ಬೆಕ್ಕಿನ ಊಟದ ತಟ್ಟೆಯೂ ಕಕ್ಕಸಿನ ಟ್ರೇಯೂ ನಾಯಿಗೆ ಎಟುಕಬಾರದು, ಎರಡರ ಮೇಲೂ ಅದಕ್ಕೆ ಸಮಾನ ಆಸಕ್ತಿ. ಇದೆಲ್ಲ ವಾರಗಟ್ಟಲೆ, ಕೆಲವು ಮನೆಗಳಲ್ಲಿ ತಿಂಗಳುಗಟ್ಟಲೆ. ಇಷ್ಟನ್ನು ನಾನು ಹೇಳಿದಾಗ ಮನೆಯ ಯಜಮಾನರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, ‘ಅಷ್ಟೆಲ್ಲ ಟೈಮ್ ಯಾರಿಗಿದೆ ಸಾರ್? ಅದಕ್ಕೇ ಅಲ್ವಾ ಒಳ್ಳೆ ಬ್ರೀಡ್ ಕೇಳ್ತಿರೋದು’ ಎಂದರು. ಕೊಡಲಾಗದ ಎರಡು ತಿಂಗಳನ್ನು ದುಡ್ಡು ಕೊಟ್ಟು ನಾಯಿಯ ರಕ್ತದಲ್ಲೇ ಕೊಂಡುಕೊಳ್ಳುವ ಏರ್ಪಾಡು ಇದು.

2023ರಲ್ಲಿ ಬಿಬಿಎಂಪಿ ಎಣಿಸಿದಾಗ ಬೆಂಗಳೂರಿನ ಬೀದಿ ನಾಯಿಗಳು ಸುಮಾರು 2.79 ಲಕ್ಷ. ಮೀನಿನ ಅಂಗಡಿ, ಮಟನ್ ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ ನೋಡಿ. ಕತ್ತರಿಸುವ ಕೊರಡಿನ ಆ ಕಡೆ ನಾಯಿ, ಈ ಕಡೆ ಬೆಕ್ಕು, ಎರಡರ ಕಣ್ಣೂ ಸಾಬರ ಕೈ ಮೇಲೆ. ಎಲ್ಲ ಬೀದಿ ನಾಯಿಯೂ ಹೀಗೆ ಎಂದಲ್ಲ, ಬೆಕ್ಕಿನ ಮರಿ ಕಂಡರೆ ಬಿಡದ ನಾಯಿಗಳೂ ಬೇಕಾದಷ್ಟಿವೆ. ಆದರೆ ಪ್ರಾಣಿಗಳ ಆಶ್ರಯಧಾಮದಲ್ಲಿ ನಾಯಿ ಬೆಕ್ಕು ಎರಡನ್ನೂ ಸಾಕುವವರಿಗೆ ಯಾವ ನಾಯಿ ಎಂಥದ್ದು ಎಂಬುದು ದಿನಾ ಕಣ್ಣಾರೆ ಗೊತ್ತಿರುತ್ತದೆ. ದೊಡ್ಡದಾದ, ಗುಣ ತಿಳಿದ ನಾಯಿಯೇ ಅಲ್ಲಿ ಸಿಗುತ್ತದೆ, ಅದೂ ಕಾಸಿಲ್ಲದೆ. ಅದನ್ನು ಸಭೆಯಲ್ಲಿ ಸೂಚಿಸಿದೆ. ‘ಕಂತ್ರಿನಾ?’ ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅಜ್ಜನೂ ಸೇರಿ.

ನಾಯಿ ತರಲು ಹೊರಟ ಓದುಗರಲ್ಲಿ ನನ್ನ ಮನವಿ ಇಷ್ಟು: ಜಾತಿ ಆಮೇಲೆ ಕೇಳಿ, ಮೊದಲು ಅದು ಎಂದಾದರೂ ಬೆಕ್ಕಿನ ಮುಖ ನೋಡಿದೆಯೇ ಕೇಳಿ. ಅದಕ್ಕೂ ಮೊದಲು ನಿಮ್ಮ ಆಫೀಸಿನಲ್ಲಿ ರಜೆ ಕೇಳಿ. ರಜೆ ಸಿಗದಿದ್ದರೆ ಇರುವ ಬೆಕ್ಕಿನ ಜೊತೆಗೇ ಇದ್ದುಬಿಡಿ. ಅದಕ್ಕೇನೂ ಒಂಟಿತನ ಕಾಡುತ್ತಿಲ್ಲ.