ಆಸರಿಗೆ ಎಂತ ಬೇಕು?

ವಯಸ್ಸಾಯಿತೆಂದು ಊರಿಗೆಲ್ಲ ಊಟ ಹಾಕಿಸುವ ಜನ ನಾವು. 60ಕ್ಕೆ ಷಷ್ಟ್ಯಬ್ದಿ, 70ಕ್ಕೆ ಭೀಮರಥ ಶಾಂತಿ, ಅದನ್ನೂ ದಾಟಿದರೆ ಸಹಸ್ರಚಂದ್ರ ದರ್ಶನ. ಸಾವಿರ ಹುಣ್ಣಿಮೆ ಅಂದರೆ ಲೆಕ್ಕಕ್ಕೆ 80 ವರ್ಷ 10 ತಿಂಗಳು. ಹುಣ್ಣಿಮೆ ಎಣಿಸುವುದಕ್ಕೆ ಪುರೋಹಿತರಿದ್ದಾರೆ, ಹೋಳಿಗೆ ಎಣಿಸುವುದಕ್ಕೆ ಬಡಿಸುವವರಿದ್ದಾರೆ. ಶಾಂತಿ ಮಾಡಿಸಿಕೊಂಡವರು ಮರುದಿನದಿಂದ ಒಂದೇ ಮಾತನ್ನು ಎಷ್ಟು ಸಲ ಕೇಳಿದರು ಎಂಬ ಎಣಿಕೆ ಮಾತ್ರ ಸೊಸೆಯ ಪಾಲಿಗೆ.

ಕುಮಟಾ ತಾಲ್ಲೂಕಿನ ಸಂತೆಗುಳಿಯಲ್ಲಿ ನಮ್ಮ ಸಣ್ಣಜ್ಜಿಯ ಮನೆ. ಆ ಮನೆಯ ಜಗಲಿ ಹತ್ತಿದವನಿಗೆ ಮೊದಲ ಪ್ರಶ್ನೆ, "ಆಸರಿಗೆ ಎಂತ ಬೇಕು ತಮಾ? ಚಾ ಅಡ್ಡಿಲ್ಯ, ಪಾನಕ ಅಡ್ಡಿಲ್ಯ?" ಬೇಡ ಎಂದರೂ ಬರುತ್ತದೆ, ಬೇಕು ಎಂದರೆ ದೊಡ್ಡ ಲೋಟದಲ್ಲಿ ಬರುತ್ತದೆ. ಮುರುಗಲ ಹಣ್ಣಿನ ಪಾನಕ ಮುಗಿದು ಲೋಟ ಕೆಳಗಿಡುವಷ್ಟರಲ್ಲಿ ಸಣ್ಣಜ್ಜಿ ಮತ್ತೆ, "ಆಸರಿಗೆ ಎಂತ ಬೇಕು ತಮಾ?" ಬಂದವರೆಲ್ಲ ಇದನ್ನು ಉಪಚಾರ ಎಂದೇ ತಿಳಿದರು. ಇಂಥ ಅತಿಥಿಸತ್ಕಾರ ಈಗಿನ ಕಾಲದಲ್ಲಿ ಎಲ್ಲಿದೆ ಎಂದು ಹೊಗಳಿ, ಹೊಟ್ಟೆ ಹಿಡಿದುಕೊಂಡು ಬಸ್ಸು ಹತ್ತಿದವರೂ ಉಂಟು. ಕಾಯಿಲೆ ಹೀಗೆ ಮರ್ಯಾದೆಯ ಬೆನ್ನಿಗೆ ಅಡಗಿಕೊಂಡು ವರ್ಷಗಟ್ಟಲೆ ಆರಾಮಾಗಿ ಇತ್ತು.

ಅಡಗುವುದು ಕಷ್ಟವೂ ಅಲ್ಲ. ನಮ್ಮೂರುಗಳು ಬದುಕುವುದೇ ಆಡಿದ್ದನ್ನು ಆಡಿಕೊಂಡು. ಕವಳದ ಹರಿವಾಣದ ಸುತ್ತ ಕೂತವರು ಅಡಿಕೆ ದರ, ಮಳೆ, ಕೊಳೆರೋಗ ಮುಗಿಸಿ ಮತ್ತೆ ಅಡಿಕೆ ದರಕ್ಕೇ ಬರುತ್ತಾರೆ. ಭಸ್ಮಾಸುರ ಕೊನೆಗೆ ಸುಟ್ಟು ಹೋಗುತ್ತಾನೆಂದು ಗೊತ್ತಿದ್ದೂ ರಾತ್ರಿಯಿಡೀ ಯಕ್ಷಗಾನದ ಎದುರು ಕೂರುತ್ತಾರೆ. ಆ ಭಸ್ಮಾಸುರನಾಗಿ ಮೆರೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 80ರ ಹತ್ತಿರ. ಪ್ರೇಕ್ಷಕರು ಅವರನ್ನು ಮುದುಕರಾಗಲು ಬಿಟ್ಟಿರಲಿಲ್ಲ. ಇಂಥ ಊರಲ್ಲಿ ಒಂದು ಮಾತನ್ನು ಎರಡು ಸಲ ಆಡಿದರು ಎಂದು ಯಾರನ್ನು ಹಿಡಿಯುತ್ತೀರಿ?

ಸಣ್ಣಜ್ಜನೂ ಮರೆಯುತ್ತಿದ್ದ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿಸುತ್ತಿದ್ದ, ಒಬ್ಬ ಅಳಿಯನನ್ನು ಇನ್ನೊಬ್ಬನ ಹೆಸರಿಂದ ಕರೆಯುತ್ತಿದ್ದ. ಅದು ಜಗಲಿಯ ತಮಾಷೆ; ಅಳಿಯಂದಿರೇ ನಗುತ್ತಿದ್ದರು. ಅಡಿಕೆ ಸುಲಿಯುವ ಹೊತ್ತಿಗೆ ಮೆಟ್ಟುಗತ್ತಿಯ ಮುಂದೆ ಕೂರಿಸಿದರೆ ಕೈ ತಾನಾಗಿ ಓಡುತ್ತಿತ್ತು. ಹೆಸರು ಹೋದ ಮೇಲೂ ಕೈಯ ಅಭ್ಯಾಸ ಬಹುಕಾಲ ಉಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ಸಣ್ಣಜ್ಜಿಗೆ ಈ ರಿಯಾಯಿತಿ ಇರಲಿಲ್ಲ. ಅವಳ ನೆನಪೇ ಆ ಮನೆಯ ದಫ್ತರ: ಯಾರ ತಿಥಿ ಎಂದು, ಯಾರಿಗೆ ಬದನೆ ಆಗುವುದಿಲ್ಲ, ಉಪ್ಪಿನಕಾಯಿಯ ಯಾವ ಭರಣಿ ಯಾವ ವರ್ಷದ್ದು. ಒಂದು ದಿನ ತಂಬುಳಿಗೆ ಉಪ್ಪು ಎರಡು ಸಲ ಬಿತ್ತು. ಅದು ಒಂದೆಲಗದ ತಂಬುಳಿ, ನೆನಪಿನ ಶಕ್ತಿಗೆ ಒಳ್ಳೆಯದೆಂದು ಜನ್ಮವಿಡೀ ಉಂಡದ್ದು. ಉಪ್ಪು ಹೆಚ್ಚಾಯಿತೆಂದು ಮೊದಲು ಕೂಗಿದವ ಸಣ್ಣಜ್ಜನೇ, ಕನ್ನಡಕ ಹಣೆಯ ಮೇಲೇ ಇತ್ತು.

60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಶಿಯಾ ಇರಬಹುದೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಳ್ಳಿಯ ಹೆಂಗಸೆಂದರೆ ನಮ್ಮ ಸಣ್ಣಜ್ಜಿಯೇ. ಅವಳನ್ನು ಈ 88 ಲಕ್ಷದೊಳಗೆ ಸೇರಿಸುವುದಕ್ಕೆ ಮಾತ್ರ ಪರೀಕ್ಷೆ ಆಗಬೇಕು.

ಈ ಪರೀಕ್ಷೆಗಳಿಗೆಲ್ಲ ಅಜ್ಜಿಯಂತಿರುವ ಒಂದು ಪರೀಕ್ಷೆಯನ್ನು 1975ರಲ್ಲಿ ಅಮೆರಿಕದ ಫೋಲ್‌ಸ್ಟೈನ್ ದಂಪತಿ ಮತ್ತು ಮಕ್‌ಹ್ಯೂ ಸೇರಿ ಮಾಡಿದರು. 30 ಅಂಕ. ಇವತ್ತು ತಾರೀಕು ಎಷ್ಟು, ನೂರರಿಂದ ಏಳೇಳು ಕಳೆಯಿರಿ, ಯಾವ ಮಹಡಿಯಲ್ಲಿ ಇದ್ದೀರಿ, ಒಂದು ವಾಕ್ಯ ಬರೆಯಿರಿ. ಶಾಲೆಯ ಮೆಟ್ಟಿಲು ಹತ್ತದವರಿಗೆ ಇದು ನ್ಯಾಯವಲ್ಲವೆಂದು ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಇದನ್ನು ತಿದ್ದಿ ಬರೆದದ್ದು 1990ರ ದಶಕದಲ್ಲಿ. ಪಕ್ಕದ ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆ ರಾಶಿ ಹಾಲಕ್ಕಿ ಹಾಡುಗಳನ್ನು ತಲೆಯಲ್ಲೇ ಇಟ್ಟುಕೊಂಡು 2017ರಲ್ಲಿ ಪದ್ಮಶ್ರೀ ಪಡೆದರು. ವಾಕ್ಯ ಬರೆಯಿರಿ ಎಂದಿದ್ದರೆ ಅವರಿಗೂ ಅಲ್ಲಿ ಸೊನ್ನೆಯೇ ಸಿಗುತ್ತಿತ್ತು.

ಸಣ್ಣಜ್ಜಿಯನ್ನು ತೋರಿಸಲು ಕರೆದೊಯ್ದಾಗ ಡಾಕ್ಟರು ತಾರೀಕು ಕೇಳಿದರು. "ಬಹುಳ ದ್ವಾದಶಿ" ಎಂದಳು. ಡಾಕ್ಟರು ಗೋಡೆಯ ಕ್ಯಾಲೆಂಡರ್ ಹತ್ತಿರ ಎದ್ದುಹೋಗಿ ನೋಡಿ ಬಂದರು, ಸರಿಯಿತ್ತು. ಮಹಡಿ ಕೇಳಿದಾಗ "ಜಗಲಿ" ಎಂದಳು. ಮೂರು ಪದ ಹೇಳಿಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಒಂದೂ ಬರಲಿಲ್ಲ. ಬಾರದಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಸೆರಗು ಸರಿಮಾಡಿಕೊಂಡು ಡಾಕ್ಟರನ್ನು ಕೇಳಿದಳು, "ನಿಮಗೆ ಆಸರಿಗೆ ಎಂತ ಬೇಕು?"

ಊರು ಇವತ್ತಿಗೂ ಇದನ್ನು ಅರಳುಮರಳು ಎಂದೇ ಕರೆಯುತ್ತದೆ. ಅದರಲ್ಲಿ ದಯೆ ಇದೆ. ಯಾರೂ ಬೆರಳು ತೋರಿಸುವುದಿಲ್ಲ, ಬಾಗಿಲು ಹಾಕಿಕೊಳ್ಳುವುದಿಲ್ಲ, ತೋಟದ ಕಡೆ ದಾರಿ ತಪ್ಪಿದರೆ ಎದುರು ಸಿಕ್ಕವರು ಕೈಹಿಡಿದು ತಂದು ಬಿಡುತ್ತಾರೆ. ಆದರೆ ವಯಸ್ಸಿಗೆ ಸಹಜ ಎಂದು ಒಮ್ಮೆ ಅಂದುಬಿಟ್ಟರೆ ಮತ್ತೆ ಯಾರೂ ಏನೂ ಮಾಡಬೇಕಾಗಿಲ್ಲ, ಸೊಸೆಯೊಬ್ಬಳನ್ನು ಬಿಟ್ಟು. ನನಗೆ ಈ ದಯೆಯ ಮೇಲೆ ಸ್ವಲ್ಪ ಗುಮಾನಿ.

ಆ ಸೊಸೆ ಜಾಣೆ. ಬಂದವರಿಗೆ ಅವಳು ಮೊದಲೇ ಹೇಳಿಟ್ಟಿದ್ದಾಳೆ: "ಆಗಲೇ ಕುಡಿದೆ" ಅನ್ನಬೇಡಿ, ಲೋಟದಲ್ಲಿ ಎರಡು ಗುಟುಕು ಉಳಿಸಿ ಕೈಯಲ್ಲೇ ಹಿಡಿದುಕೊಂಡಿರಿ. ಲೋಟ ಕಂಡರೆ ಸಣ್ಣಜ್ಜಿ ಕೇಳುವುದಿಲ್ಲ. ಇದನ್ನು ಅವಳಿಗೆ ಯಾವ ಆಸ್ಪತ್ರೆಯವರೂ ಹೇಳಿಕೊಟ್ಟದ್ದಲ್ಲ.

ಮೊನ್ನೆ ಹೊನ್ನಾವರದ ತವರಿನಲ್ಲಿ ಮದುವೆ. ಎರಡು ದಿನಕ್ಕೆ ಹೊರಟವಳು ಮಾತ್ರೆ, ಸ್ನಾನ, ಊಟ, ಹಿತ್ತಲ ಬಾಗಿಲ ಚಿಲಕ ಎಲ್ಲವನ್ನೂ ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ಗಂಡನ ಕೈಗೆ ಕೊಟ್ಟಳು. ಷಷ್ಟ್ಯಬ್ದಿ ಮುಗಿದ ಗಂಡ. ಮಧ್ಯಾಹ್ನದ ಹೊತ್ತಿಗೆ ಆ ಪಟ್ಟಿ ಎಲ್ಲಿಟ್ಟೆನೆಂದು ಅವನಿಗೆ ನೆನಪಾಗಲಿಲ್ಲ. ಹೊನ್ನಾವರಕ್ಕೆ ಫೋನು ಹೋಯಿತು. ಮದುವೆ ಚಪ್ಪರದಲ್ಲಿ ನಿಂತು ಅವಳು ಪಟ್ಟಿಯನ್ನು ಮೊದಲಿಂದ ಬಾಯಿಪಾಠ ಒಪ್ಪಿಸಿದಳು. ಪಕ್ಕದಲ್ಲಿದ್ದ ಅವಳ ಅಣ್ಣ, "ಪಾಪ, ಭಾವನಿಗೆ ತಲೆಬಿಸಿ ರಾಶಿ" ಎಂದ.